ಬ್ಯಾಟರಿಗೂ ಇನ್ವರ್ಟರ್‌ಗೂ ಮಾತು ಕಲಿಸುವುದು: ಅಗ್ಗದ ಲಿಥಿಯಂ ಬ್ಯಾಟರಿಗಳ ಸಂವಹನದ ಕುರಿತು

ತೀರ್ಥಹಳ್ಳಿಯ ಆಚೆ ಅಡಿಕೆ ತೋಟದ ನಡುವೆ ಇರುವ ಒಂದು ಮನೆಯ ವಿಷಯದಿಂದ ಆರಂಭಿಸುತ್ತೇನೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಆ ಮನೆಗೆ ವಿದ್ಯುತ್ ಮರಳಲು ಮೂರು ದಿನವೂ ಆಗಬಹುದು, ಎಂಟು ದಿನವೂ ಆಗಬಹುದು. ಹಾಗಾಗಿ ಅವರು 5 ಕಿಲೋವ್ಯಾಟ್‌ನ ಆಫ್-ಗ್ರಿಡ್ ಇನ್ವರ್ಟರ್ ಹಾಕಿಸಿ, ಮಾಡಿನ ಮೇಲೆ ಸೋಲಾರ್ ಪ್ಯಾನೆಲ್‌ಗಳನ್ನು ಕೂರಿಸಿ, 51.2 ವೋಲ್ಟ್, 100 ಆಂಪಿಯರ್-ಅವರ್‌ನ ಒಂದು ಲಿಥಿಯಂ ಬ್ಯಾಟರಿಯನ್ನು ಕೊಂಡಿದ್ದರು. ಬ್ಯಾಟರಿ ದೊಡ್ಡ ಹೆಸರಿನದಲ್ಲ. ಸೆಲ್‌ಗಳನ್ನೂ ಅವುಗಳ ಮೇಲೆ ಕಣ್ಣಿಡುವ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್) ಹಲಗೆಯನ್ನೂ ತರಿಸಿಕೊಂಡು ಇಲ್ಲಿಯೇ ಪೆಟ್ಟಿಗೆ ಕಟ್ಟಿ ಮಾರುವವರೊಬ್ಬರದು. ಬ್ಯಾಟರಿಯಿಂದ ಇನ್ವರ್ಟರ್‌ಗೆ ಸಂವಹನದ ಕೇಬಲ್ ಹಾಕಿ, ಪರದೆಯ ಮೇಲೆ ಶೇಕಡಾವಾರು ಮೂಡಿದ್ದನ್ನು ಮನೆಯವರಿಗೆ ತೋರಿಸಿ, ಕಾಫಿ ಕುಡಿದು ಹೊರಟವನು ನಾನೇ. ಜುಲೈನಲ್ಲಿ ಅವರ ಫೋನು ಬಂತು: "ಮಾರಾಯ್ರೇ, ಮಲಗುವಾಗ ಪರದೆಯಲ್ಲಿ ನಲವತ್ತೈದು ಪರ್ಸೆಂಟ್ ಇತ್ತು, ರಾತ್ರಿ ಎರಡು ಗಂಟೆಗೆ ಮನೆ ಪೂರ್ತಿ ಕತ್ತಲೆ." ಸಂವಹನ ಕೆಟ್ಟಿರಲಿಲ್ಲ. ಕೇಬಲ್ ಸರಿಯಾಗಿತ್ತು, ಅಕ್ಷರಗಳು ತಪ್ಪಿಲ್ಲದೆ ತಲುಪುತ್ತಿದ್ದವು. ಹಾಗಿದ್ದೂ ಏನಾಯಿತು ಎಂಬುದನ್ನು ಕೊನೆಯ ಭಾಗದಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಈ ಎರಡು ಯಂತ್ರಗಳು ಪರಸ್ಪರ ಏನನ್ನು ಮಾತನಾಡಬೇಕು, ಏಕೆ ಮಾತನಾಡಬೇಕು ಎಂಬುದನ್ನು ನೋಡಬೇಕಾಗುತ್ತದೆ.

ನಮ್ಮ ಮನೆಗಳ ಯುಪಿಎಸ್‌ಗಳಲ್ಲಿ ಹಲವು ದಶಕ ದುಡಿದ ಟ್ಯೂಬುಲರ್ ಬ್ಯಾಟರಿಗೆ ಮಾತು ಬೇಕಿರಲಿಲ್ಲ. ಸೀಸ-ಆಮ್ಲದ ಬ್ಯಾಟರಿ ಖಾಲಿಯಾಗುತ್ತ ಹೋದಂತೆ ಅದರ ವೋಲ್ಟೇಜ್ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಸ್ವಲ್ಪ ಹೆಚ್ಚು ಚಾರ್ಜ್ ಆದರೆ ನೀರು ಗುಳ್ಳೆಯಾಗಿ ಹೋಗುತ್ತದೆ, ನೀವು ಡಿಸ್ಟಿಲ್ಡ್ ವಾಟರ್ ಸುರಿಯುತ್ತೀರಿ, ಕೆಲಸ ಮುಂದುವರಿಯುತ್ತದೆ. ತಪ್ಪನ್ನು ಸಹಿಸುವ ಗುಣ ಅದರಲ್ಲಿತ್ತು. ಲಿಥಿಯಂ ಐರನ್ ಫಾಸ್ಫೇಟ್ ಹಾಗಲ್ಲ. ವಿಶ್ರಾಂತಿಯಲ್ಲಿರುವ ಒಂದು ಸೆಲ್ ಶೇಕಡಾ 80 ತುಂಬಿದ್ದಾಗ ಸುಮಾರು 3.33 ವೋಲ್ಟ್ ತೋರಿಸಿದರೆ, ಶೇಕಡಾ 40ಕ್ಕೆ ಇಳಿದಾಗಲೂ 3.28ರ ಆಸುಪಾಸಿನಲ್ಲಿಯೇ ಇರುತ್ತದೆ. ಹದಿನಾರು ಸೆಲ್‌ಗಳನ್ನು ಸಾಲಾಗಿ ಜೋಡಿಸಿದ ಪೆಟ್ಟಿಗೆಯಲ್ಲಿ ಈ ವ್ಯತ್ಯಾಸ ಒಂದು ವೋಲ್ಟಿಗಿಂತಲೂ ಕಡಿಮೆ. ಈಗ ಇನ್ವರ್ಟರ್ 100 ಆಂಪಿಯರ್ ಎಳೆಯುತ್ತಿದೆ ಎಂದುಕೊಳ್ಳಿ. ಕೇಬಲ್, ಫ್ಯೂಸ್, ಲಗ್‌ಗಳೆಲ್ಲ ಸೇರಿ 5 ಮಿಲಿಓಮ್ ತಡೆ ಇದ್ದರೆ ಅಲ್ಲಿಯೇ ಅರ್ಧ ವೋಲ್ಟ್ ಕಳೆದುಹೋಗುತ್ತದೆ. ಅಂದರೆ ಬ್ಯಾಟರಿಯ ಅರ್ಧ ಹೊಟ್ಟೆ ಖಾಲಿಯಾಗುವುದಕ್ಕೂ ಒಂದು ಗ್ರೈಂಡರ್ ಚಾಲೂ ಆಗುವುದಕ್ಕೂ ಇನ್ವರ್ಟರ್‌ನ ಕಣ್ಣಿಗೆ ದೊಡ್ಡ ವ್ಯತ್ಯಾಸವೇ ಇಲ್ಲ.

ವಿಷಯಾಂತರ ಅನಿಸಿದರೂ ಒಂದು ಮಾತು ಹೇಳಿಬಿಡುತ್ತೇನೆ. ಈ ರಸಾಯನವನ್ನು ಬ್ಯಾಟರಿಯ ಧನಾಗ್ರಕ್ಕೆ ಬಳಸಬಹುದೆಂದು ತೋರಿಸಿದ ಪ್ರಬಂಧ 1997ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಬಂತು. 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಜಾನ್ ಗುಡ್‌ಇನಫ್ ಅವರ ಹೆಸರು ಎಲ್ಲರಿಗೂ ಗೊತ್ತು. ಆ ಪ್ರಬಂಧದ ಮೇಲೆ ಅವರ ಜೊತೆಗೆ ಪಾಧಿ, ನಂಜುಂಡಸ್ವಾಮಿ ಎಂಬ ಹೆಸರುಗಳೂ ಇವೆ. ನಮ್ಮ ಕಿವಿಗೆ ಪರಿಚಿತವಾದ ಆ ಹೆಸರನ್ನು ನಾವು ಇನ್ನೂ ಸ್ವಲ್ಪ ಹೆಚ್ಚು ಸ್ಮರಿಸಬಹುದಿತ್ತು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಖಾಲಿಯಾಗುವ ಬದಿಯಲ್ಲಿ ಈ ಕುರುಡು ಕೇವಲ ಅನಾನುಕೂಲ. ತುಂಬುವ ಬದಿಯಲ್ಲಿ ಅದು ಅಪಾಯ. ಹದಿನಾರು ಸೆಲ್‌ಗಳೂ ಒಂದೇ ಸಮನಾಗಿ ತುಂಬುತ್ತವೆ ಎಂದು ಇನ್ವರ್ಟರ್ ನಂಬುತ್ತದೆ, ಏಕೆಂದರೆ ಅದಕ್ಕೆ ಕಾಣುವುದು ಒಟ್ಟು ಮೊತ್ತ ಮಾತ್ರ. ಅಗ್ಗದ ಪೆಟ್ಟಿಗೆಗಳಲ್ಲಿ ಸೆಲ್‌ಗಳು ಒಂದಕ್ಕೊಂದು ಚೆನ್ನಾಗಿ ಹೊಂದಿರುವುದಿಲ್ಲ. ಒಟ್ಟು 55.5 ವೋಲ್ಟ್ ಇರುವ ಒಂದು ಪೆಟ್ಟಿಗೆಯಲ್ಲಿ ಹದಿನೈದು ಸೆಲ್‌ಗಳು ಸರಾಸರಿ 3.457ರಲ್ಲಿದ್ದು ಒಂದೇ ಒಂದು ಸೆಲ್ 3.65 ಮುಟ್ಟಿರಬಹುದು. ಇನ್ವರ್ಟರ್‌ಗೆ ಇದು ಇನ್ನೂ ತುಂಬದ ಬ್ಯಾಟರಿ. ಒಳಗಿನ ಬಿಎಂಎಸ್‌ಗೆ ಇದು ಗಂಟೆ ಬಾರಿಸುವ ಹೊತ್ತು. ಬಿಎಂಎಸ್‌ ತನಗೆ ಗೊತ್ತಿರುವ ಒಂದೇ ಕ್ರಮವನ್ನು ಕೈಗೊಳ್ಳುತ್ತದೆ: ಸಂಪರ್ಕವನ್ನೇ ಕಡಿಯುತ್ತದೆ. ಆ ಕ್ಷಣದಲ್ಲಿ ಪ್ಯಾನೆಲ್‌ಗಳಿಂದ 60 ಆಂಪಿಯರ್ ಹರಿದು ಬರುತ್ತಿದ್ದರೆ ಅದಕ್ಕೆ ಹೋಗಲು ದಾರಿಯಿಲ್ಲದೆ ಇನ್ವರ್ಟರ್‌ನ ಒಳಗಿನ ಡಿಸಿ ವೋಲ್ಟೇಜ್ ಒಮ್ಮೆಲೇ ಜಿಗಿಯುತ್ತದೆ. ಒಳ್ಳೆಯ ಇನ್ವರ್ಟರ್ ದೋಷಸೂಚನೆ ತೋರಿಸಿ ನಿಲ್ಲುತ್ತದೆ; ಕೆಟ್ಟದ್ದು ತನ್ನ ಕೆಪಾಸಿಟರ್‌ಗಳನ್ನೋ ಮಾಸ್ಫೆಟ್ ಎಂಬ ವಿದ್ಯುನ್ಮಾನ ಸ್ವಿಚ್ಚುಗಳನ್ನೋ ಸುಟ್ಟುಕೊಳ್ಳುತ್ತದೆ. ಬಿಎಂಎಸ್ ಬಾಗಿಲು ಹಾಕುವ ಮೊದಲು "ಸಾಕು, ನಿಧಾನಿಸು" ಎಂದು ಹೇಳಲು ಒಂದು ದಾರಿ ಬೇಕು. ನಾವು ಸಂವಹನ ಎನ್ನುವುದು ಆ ದಾರಿಯನ್ನು. ಪರದೆಯ ಮೇಲಿನ ಶೇಕಡಾವಾರು ಅದರ ಉಪಫಲ. ಗ್ರಾಹಕರು ಕೇಳುವುದು ಅದನ್ನೇ ಆದರೂ ನಾವು ಕೇಬಲ್ ಹಾಕುವುದು ಅದಕ್ಕಾಗಿ ಅಲ್ಲ.

ಹಾಗಾದರೆ ಬ್ಯಾಟರಿ ಹೇಳುವ ಮಾತುಗಳಾವುವು? ಮುಖ್ಯವಾದವು ಮೂರು ಮಿತಿಗಳು: ಈ ಕ್ಷಣದಲ್ಲಿ ನನ್ನನ್ನು ಎಷ್ಟು ವೋಲ್ಟಿನವರೆಗೆ ತುಂಬಬಹುದು, ಎಷ್ಟು ಆಂಪಿಯರ್‌ನಲ್ಲಿ ತುಂಬಬಹುದು, ನನ್ನಿಂದ ಎಷ್ಟು ಆಂಪಿಯರ್ ಎಳೆಯಬಹುದು. "ಈ ಕ್ಷಣದಲ್ಲಿ" ಎಂಬುದನ್ನು ಗಮನಿಸಿ. ಒಂದು ಸೆಲ್ 3.5 ವೋಲ್ಟ್ ದಾಟುತ್ತಿದ್ದಂತೆ ಒಳ್ಳೆಯ ಬಿಎಂಎಸ್ ತುಂಬುವ ಮಿತಿಯನ್ನು 50ರಿಂದ 20ಕ್ಕೆ, 20ರಿಂದ 5ಕ್ಕೆ ಇಳಿಸುತ್ತ ಹೋಗುತ್ತದೆ. ಹಿಂದುಳಿದ ಸೆಲ್‌ಗಳನ್ನು ಬ್ಯಾಲೆನ್ಸರ್ ಸಮಗೊಳಿಸಲು ಸಮಯ ಸಿಗುತ್ತದೆ. ಕಳಪೆ ಬಿಎಂಎಸ್ ಬೆಳಗಿನಿಂದ ಸಂಜೆಯವರೆಗೆ 58.4 ವೋಲ್ಟ್, 100 ಆಂಪಿಯರ್ ಎಂದು ಒಂದೇ ಪಲ್ಲವಿ ಹಾಡುತ್ತದೆ. ಎರಡಕ್ಕೂ ಸಂವಹನವಿದೆ ಎಂದೇ ಜಾಹೀರಾತಿನಲ್ಲಿ ಬರೆದಿರುತ್ತದೆ.

ಮೂರನೆಯ ಮಿತಿಯ ಬಗ್ಗೆ ಒಂದು ಎಚ್ಚರಿಕೆ. ತುಂಬುವ ಮಿತಿಯನ್ನು ಇನ್ವರ್ಟರ್ ಪಾಲಿಸಬಲ್ಲದು, ಏಕೆಂದರೆ ಚಾರ್ಜರ್ ಅದರ ಹಿಡಿತದಲ್ಲಿದೆ. ಎಳೆಯುವ ಮಿತಿಯನ್ನು ಆಫ್-ಗ್ರಿಡ್ ಇನ್ವರ್ಟರ್ ಪಾಲಿಸುವುದು ಹೇಗೆ? ಎಷ್ಟು ಎಳೆಯಬೇಕೆಂದು ನಿರ್ಧರಿಸುವುದು ಅಡುಗೆಮನೆಯ ಮಿಕ್ಸಿ ಮತ್ತು ಬಾವಿಯ ಪಂಪು. ಲೈನಿನಲ್ಲಿ ವಿದ್ಯುತ್ ಇದ್ದರೆ ಹೊರೆಯನ್ನು ಅತ್ತ ದಾಟಿಸಬಹುದು, ಇಲ್ಲದಿದ್ದರೆ ಕೊಡುವುದು ಅಥವಾ ಪೂರ್ತಿ ನಿಲ್ಲಿಸುವುದು, ಇವೆರಡೇ ಆಯ್ಕೆಗಳು. 5 ಕಿಲೋವ್ಯಾಟ್ ಹೊರೆಗೆ 51.2 ವೋಲ್ಟಿನಲ್ಲಿ ಸುಮಾರು 98 ಆಂಪಿಯರ್ ಬೇಕು, ಇನ್ವರ್ಟರ್‌ನ ನಷ್ಟ ಸೇರಿಸಿದರೆ 105 ದಾಟುತ್ತದೆ. 100 ಆಂಪಿಯರ್‌ನ ಬಿಎಂಎಸ್ ಇರುವ ಒಂದೇ ಬ್ಯಾಟರಿಯನ್ನು 5 ಕಿಲೋವ್ಯಾಟ್ ಇನ್ವರ್ಟರ್‌ಗೆ ಕಟ್ಟಿ, "ಸಂವಹನ ಇದೆಯಲ್ಲ, ಅದು ನೋಡಿಕೊಳ್ಳುತ್ತದೆ" ಎಂದರೆ ನಡೆಯುವುದಿಲ್ಲ. ಅದು ಗಾತ್ರದ ತಪ್ಪು. ಯಾವ ಕೇಬಲ್ಲೂ ಅದನ್ನು ಸರಿಪಡಿಸದು.

ಈಗ ಭಾಷೆಯ ವಿಷಯಕ್ಕೆ ಬರೋಣ. ಬ್ಯಾಟರಿ ಉದ್ಯಮಕ್ಕೆ ಒಪ್ಪಿತವಾದ ಒಂದೇ ಮಾನಕ ಭಾಷೆ ಇಲ್ಲ. ಆದರೆ ಚೀನಾದ ಪೈಲಾನ್‌ಟೆಕ್ ಕಂಪನಿಯ ರ‍್ಯಾಕ್ ಬ್ಯಾಟರಿಗಳು ಮೊದಲೇ ಹೆಚ್ಚು ಪ್ರಚಾರಕ್ಕೆ ಬಂದುದರಿಂದ ಬಹುತೇಕ ಇನ್ವರ್ಟರ್ ತಯಾರಕರು ಅವುಗಳ ಭಾಷೆಯನ್ನು ಕಲಿತರು. ಆಮೇಲೆ ಬಂದ ಅಗ್ಗದ ಬ್ಯಾಟರಿಗಳಿಗೆ ಸುಲಭದ ದಾರಿಯೆಂದರೆ ತಾವೂ ಪೈಲಾನ್‌ಟೆಕ್ ಎಂದು ಹೇಳಿಕೊಳ್ಳುವುದು. ಇಂದು ನೀವು ಕೊಳ್ಳುವ ಯಾವುದೇ ಹೆಸರಿಲ್ಲದ ಪೆಟ್ಟಿಗೆ ಹೆಚ್ಚುಕಡಿಮೆ ಈ ವೇಷದಲ್ಲಿಯೇ ಮಾತನಾಡುತ್ತದೆ. ವೇಷ ಹಾಕಿದವರಿಗೆ ಪಾತ್ರದ ಕಟ್ಟುಪಾಡುಗಳೂ ಅಂಟಿಕೊಳ್ಳುತ್ತವೆ. ಪೈಲಾನ್‌ಟೆಕ್‌ನ ಪ್ರಸಿದ್ಧ 48 ವೋಲ್ಟ್ ಬ್ಯಾಟರಿಗಳಲ್ಲಿ ಇರುವುದು ಹದಿನೈದು ಸೆಲ್‌ಗಳು, ನಮ್ಮ ಪೆಟ್ಟಿಗೆಗಳಲ್ಲಿರುವಂತೆ ಹದಿನಾರಲ್ಲ. ಇನ್ವರ್ಟರ್ ತಯಾರಿಸುವ ವಿಕ್ಟ್ರಾನ್ ಕಂಪನಿಯ ವೀನಸ್ ಎಂಬ ನಿಯಂತ್ರಣ ತಂತ್ರಾಂಶ ವ್ಯವಸ್ಥೆಯು ಪೈಲಾನ್‌ಟೆಕ್‌ನ 48 ವೋಲ್ಟ್ ಬ್ಯಾಟರಿಯನ್ನು ಗುರುತಿಸಿದೊಡನೆ, ಬ್ಯಾಟರಿ ಏನೇ ಕೇಳಿದರೂ ಚಾರ್ಜ್ ವೋಲ್ಟೇಜನ್ನು 52.4ಕ್ಕೆ ಸೀಮಿತಗೊಳಿಸುತ್ತದೆ. ಹದಿನೈದು ಸೆಲ್‌ಗಳಿಗೆ ಅದು ತಲಾ 3.49, ಸರಿಯಾದ ಮಟ್ಟ. ಹದಿನಾರು ಸೆಲ್‌ಗಳಿಗೆ ತಲಾ 3.275, ಆ ಬ್ಯಾಟರಿ ಎಂದೂ ತುಂಬುವುದಿಲ್ಲ, ಮಾಲೀಕರು ಸೆಲ್‌ಗಳನ್ನು ದೂರುತ್ತಾರೆ. ಬಿಎಂಎಸ್‌ನ ಆ್ಯಪಿನಲ್ಲಿ ಬೇರೆ ಇನ್ವರ್ಟರ್ ಭಾಷೆಗಳ ಆಯ್ಕೆ ಇದ್ದರೆ ನಿಮ್ಮ ಇನ್ವರ್ಟರ್‌ನ ಹೆಸರಿರುವುದನ್ನೇ ಮೊದಲು ಪ್ರಯತ್ನಿಸಿ. ಪೈಲಾನ್ ಎಂಬುದು ಎರಡನೆಯ ಆಯ್ಕೆಯಾಗಿರಲಿ.

ಭಾಷೆಗೆ ಮೊದಲು ತಂತಿ ಇದೆ, ಮತ್ತು ನನ್ನ ಅನುಭವದಲ್ಲಿ ಅರ್ಧಕ್ಕಿಂತ ಹೆಚ್ಚು ದಿನಗಳು ಹಾಳಾಗುವುದು ತಂತಿಯಲ್ಲಿಯೇ. ಎರಡೂ ಕಡೆ ಇರುವುದು ಕಂಪ್ಯೂಟರ್ ನೆಟ್‌ವರ್ಕಿನಲ್ಲಿ ಕಾಣುವ ಆರ್‌ಜೆ45 ಸಾಕೆಟ್. ಅದನ್ನು ನೋಡಿದವರು ಅಂಗಡಿಯಿಂದ ಒಂದು ಸಿದ್ಧ ಲ್ಯಾನ್ ಕೇಬಲ್ ತಂದು ಸಿಕ್ಕಿಸುತ್ತಾರೆ. ಸಾಕೆಟ್ ಒಂದೇ ಆದರೂ ಎಂಟು ಪಿನ್‌ಗಳಲ್ಲಿ ಯಾವುದರಲ್ಲಿ ಏನಿದೆ ಎಂಬುದು ಪ್ರತಿ ತಯಾರಕರ ಸ್ವಂತ ನಿರ್ಧಾರ. ಪೈಲಾನ್‌ಟೆಕ್ ಬ್ಯಾಟರಿಯಲ್ಲಿ ಕ್ಯಾನ್ ಎಂಬ ಸಂವಹನ ವ್ಯವಸ್ಥೆಯ ಎರಡು ತಂತಿಗಳಾದ ಕ್ಯಾನ್-ಹೈ 4ನೇ ಪಿನ್ನಿನಲ್ಲಿ, ಕ್ಯಾನ್-ಲೋ 5ರಲ್ಲಿ ಇವೆ. ವಿಕ್ಟ್ರಾನ್‌ನ ಸಾಧನದಲ್ಲಿ ಅವೇ ಎರಡು 7 ಮತ್ತು 8ರಲ್ಲಿವೆ. ಹಾಗಾಗಿ ನೇರ ಕೇಬಲ್ ಹಾಕಿದರೆ ಒಬ್ಬನ ಬಾಯಿ ಇನ್ನೊಬ್ಬನ ಬೆನ್ನಿಗೆ ತಾಗಿದಂತಾಗುತ್ತದೆ. ಇನ್ನೂ ಒಂದು ಅಪಾಯವಿದೆ: ಕೆಲವು ಇನ್ವರ್ಟರ್‌ಗಳ ಇದೇ ಆಕಾರದ ಸಾಕೆಟ್‌ಗಳಲ್ಲಿ ವೈಫೈ ಡಬ್ಬಿಗೆಂದು ಕೊಟ್ಟ ವಿದ್ಯುತ್ ಪೂರೈಕೆಯ ಪಿನ್ ಇರುತ್ತದೆ, ಅದು ನೇರವಾಗಿ ಬಿಎಂಎಸ್‌ನ ಸೂಕ್ಷ್ಮ ಚಿಪ್ಪಿಗೆ ತಲುಪಬಹುದು. ಎರಡೂ ಕೈಪಿಡಿಗಳ ಪಿನ್ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು, ಬೇಕಾದ ಎರಡು ಅಥವಾ ಮೂರು ಎಳೆಗಳನ್ನು ಮಾತ್ರ ಕ್ರಿಂಪ್ ಮಾಡಿ, ಉಳಿದವನ್ನು ಕತ್ತರಿಸಿಬಿಡುವುದು ನಾನು ಬಿಡದೆ ಪಾಲಿಸುವ ಪದ್ಧತಿ. ಎಳೆಗಳನ್ನು ಆರಿಸುವಾಗ ಹೈ ಮತ್ತು ಲೋ ಎರಡೂ ಒಂದೇ ಹೆಣೆದ ಜೋಡಿಯಲ್ಲಿ, ಅಂದರೆ ನೀಲಿ ಮತ್ತು ಬಿಳಿ-ನೀಲಿ ಹೀಗೆ ಬರಬೇಕು. ಬೇರೆ ಬೇರೆ ಜೋಡಿಯಿಂದ ಒಂದೊಂದು ಎಳೆ ತೆಗೆದುಕೊಂಡರೆ ಇನ್ವರ್ಟರ್‌ನ ಸ್ವಿಚಿಂಗ್ ಗದ್ದಲವೆಲ್ಲ ಒಳಗೆ ಬರುತ್ತದೆ.

ಕ್ಯಾನ್ ಎಂಬುದು ಬಾಷ್ ಕಂಪನಿ 1986ರಲ್ಲಿ ಕಾರುಗಳಿಗಾಗಿ ಪರಿಚಯಿಸಿದ ವ್ಯವಸ್ಥೆ. ಅದರ ತಂತಿಯ ಎರಡೂ ತುದಿಗಳಲ್ಲಿ ಹೈ ಮತ್ತು ಲೋ ನಡುವೆ 120 ಓಮ್‌ನ ಒಂದೊಂದು ರೆಸಿಸ್ಟರ್ ಇರಬೇಕು. ಇದನ್ನು ನೋಡಲು ದುಬಾರಿ ಉಪಕರಣ ಬೇಡ. ಎರಡೂ ಕಡೆ ವಿದ್ಯುತ್ ಆರಿಸಿ, ಹೈ ಮತ್ತು ಲೋ ನಡುವೆ ಮಲ್ಟಿಮೀಟರ್ ಹಿಡಿಯಿರಿ. 60 ಓಮ್ ಬಂದರೆ ಎರಡೂ ತುದಿಗಳು ಸರಿಯಾಗಿವೆ, 120 ಬಂದರೆ ಒಂದು ತುದಿಯಲ್ಲಿ ರೆಸಿಸ್ಟರ್ ಇಲ್ಲ, 40 ಬಂದರೆ ಯಾರೋ ಮೂರನೆಯದನ್ನು ಸೇರಿಸಿದ್ದಾರೆ. ಅನಂತ ಬಂದರೆ ನಿಮ್ಮ ಕ್ರಿಂಪನ್ನೇ ಮೊದಲು ನೋಡಿಕೊಳ್ಳಿ. ವಿದ್ಯುತ್ ಹಾಕಿದ ಮೇಲೆ ಗ್ರೌಂಡಿಗೂ ಪ್ರತಿ ತಂತಿಗೂ ನಡುವೆ ಸುಮಾರು 2.5 ವೋಲ್ಟ್ ಇರಬೇಕು, ಹೈ ತುಸು ಮೇಲೆ, ಲೋ ತುಸು ಕೆಳಗೆ. ಆರ್‌ಎಸ್485 ಇನ್ನೊಂದು ಬಗೆಯ ತಂತಿ. ಅಲ್ಲಿ ಎ ಮತ್ತು ಬಿ ಎಂದು ಬರೆದಿರುತ್ತಾರೆ. ಯಾವುದನ್ನು ಎ ಎನ್ನಬೇಕೆಂಬುದರಲ್ಲಿ ತಯಾರಕರಿಗೇ ಒಮ್ಮತವಿಲ್ಲ. ಮಾತು ಬರದಿದ್ದರೆ ಎರಡನ್ನೂ ಅದಲುಬದಲು ಮಾಡಿ ನೋಡಿ, ಅದರಿಂದ ಹಾನಿಯೇನೂ ಆಗುವುದಿಲ್ಲ.

ವೇಗವೂ ಹೊಂದಬೇಕು. ಪೈಲಾನ್ ಭಾಷೆಯ ಕ್ಯಾನ್ ಸೆಕೆಂಡಿಗೆ 500 ಕಿಲೋಬಿಟ್ ವೇಗದಲ್ಲಿ ನಡೆಯುತ್ತದೆ. ವಾಹನಕ್ಕೆಂದು ಕಟ್ಟಿದ ಕೆಲವು ಬಿಎಂಎಸ್‌ಗಳು 250ರಲ್ಲಿ ಮಾತನಾಡುತ್ತವೆ. ಇ-ರಿಕ್ಷಾಕ್ಕೆಂದು ತಯಾರಾದ 51.2 ವೋಲ್ಟಿನ ಪೆಟ್ಟಿಗೆಯನ್ನು ಮನೆಗೆ ಮಾರುವವರಿದ್ದಾರೆ, ಅಂಥದನ್ನು ಕೊಂಡವರು ಇದನ್ನು ಮೊದಲು ವಿಚಾರಿಸಬೇಕು. ಆರ್‌ಎಸ್485ರಲ್ಲಿ 9600 ಅಥವಾ 115200 ಎಂಬ ವೇಗವನ್ನು ಬ್ಯಾಟರಿಯ ಮುಖದ ಮೇಲಿನ ಪುಟ್ಟ ಡಿಪ್ ಸ್ವಿಚ್ಚು ನಿರ್ಧರಿಸುವುದುಂಟು, ಮತ್ತು ಹಲವು ಬ್ಯಾಟರಿಗಳು ಆ ಸ್ವಿಚ್ಚನ್ನು ಬದಲಿಸಿದ ಮೇಲೆ ಆರಿಸಿ ಮತ್ತೆ ಹಚ್ಚುವವರೆಗೆ ಅದನ್ನು ಗಮನಿಸುವುದೇ ಇಲ್ಲ.

ಕ್ಯಾನ್‌ನಲ್ಲಿ ನನಗೆ ಬಹಳ ಇಷ್ಟವಾದ ಒಂದು ಗುಣವಿದೆ. ನಮ್ಮಲ್ಲಿ ಅಜ್ಜಿ ಕಥೆ ಹೇಳುವಾಗ ಕೇಳುವವರು ಹೂಂಗುಟ್ಟಬೇಕು, ಹೂಂ ಬರದಿದ್ದರೆ ಅಜ್ಜಿ ನಿಲ್ಲಿಸಿ, "ಕೇಳ್ತಾ ಇದ್ದೀಯೇನೋ?" ಎಂದು ಹಿಂದಿನದನ್ನೇ ಮತ್ತೆ ಹೇಳುತ್ತಾಳೆ. ಕ್ಯಾನ್‌ನಲ್ಲಿಯೂ ಪ್ರತಿ ಸಂದೇಶದ ಕೊನೆಯಲ್ಲಿ ಕೇಳುವವರು ಹೂಂಗುಟ್ಟಲೆಂದು ಒಂದು ಬಿಟ್‌ನಷ್ಟು ಜಾಗ ಬಿಟ್ಟಿರುತ್ತಾರೆ. ಯಾರೂ ಹೂಂ ಎನ್ನದಿದ್ದರೆ ಬ್ಯಾಟರಿ ಅದೇ ಸಂದೇಶವನ್ನು ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತದೆ. ಬರೀ ಕದ್ದು ಕೇಳುವ ವಿಧಾನದಲ್ಲಿ ಲ್ಯಾಪ್‌ಟಾಪ್ ಜೋಡಿಸಿ, ಇನ್ವರ್ಟರ್ ಇಲ್ಲದೆ ಪರೀಕ್ಷಿಸುವವರಿಗೆ ಒಂದೇ ಸಾಲು ಸುರಿಯುತ್ತಿರುವಂತೆ ಕಾಣುವುದು ಇದೇ ಕಾರಣಕ್ಕೆ. ಬ್ಯಾಟರಿ ಕೆಟ್ಟಿದೆ ಎಂದು ಅದನ್ನು ಮರಳಿಸಿದವರನ್ನೂ ನಾನು ಕಂಡಿದ್ದೇನೆ.

ಸಂದೇಶವನ್ನು ಓದುವುದು ಕಷ್ಟವೇನಲ್ಲ. ಮೂರು ಮಿತಿಗಳನ್ನು ಹೊತ್ತು ಬರುವ ಸಂದೇಶದ ಗುರುತು 351, ಹದಿನಾರರ ಎಣಿಕೆಯಲ್ಲಿ. ಅದರ ಮೊದಲ ಆರು ಬೈಟ್‌ಗಳು ಹೀಗಿವೆ ಎಂದುಕೊಳ್ಳಿ: 48, 2, 244, 1, 232, 3. ಎರಡೆರಡನ್ನು ಜೋಡಿ ಮಾಡಿ, ಎರಡನೆಯದನ್ನು 256ರಿಂದ ಗುಣಿಸಿ ಮೊದಲನೆಯದಕ್ಕೆ ಕೂಡಿಸಿ. 48 ಮತ್ತು 512 ಸೇರಿ 560, ಅಂದರೆ 56.0 ವೋಲ್ಟ್. 244 ಮತ್ತು 256 ಸೇರಿ 500, ಅಂದರೆ ತುಂಬಲು 50.0 ಆಂಪಿಯರ್. 232 ಮತ್ತು 768 ಸೇರಿ 1000, ಎಳೆಯಲು 100.0 ಆಂಪಿಯರ್. ಸಣ್ಣ ಸ್ಥಾನ ಮೊದಲು ಬರುವುದನ್ನು ಕಂಡು ವಿದ್ಯಾರ್ಥಿಗಳು ಗಲಿಬಿಲಿಗೊಳ್ಳುತ್ತಾರೆ. ನಮ್ಮ ಶಾಸನಗಳಲ್ಲಿ ಶಕವರ್ಷವನ್ನು ಪದಗಳಿಂದ ಹೇಳುವಾಗ "ಅಂಕಾನಾಂ ವಾಮತೋ ಗತಿಃ" ಎಂಬ ಕ್ರಮದಲ್ಲಿ ಬಿಡಿ ಸ್ಥಾನದಿಂದ ಆರಂಭಿಸುತ್ತಿದ್ದರಲ್ಲ, ಇದೂ ಅದೇ ನಡೆ ಎಂದು ನಾನು ಅವರಿಗೆ ಹೇಳುವುದುಂಟು. 355ರಲ್ಲಿ ಚಾರ್ಜ್‌ನ ಶೇಕಡಾವಾರು, 356ರಲ್ಲಿ ಅಳೆದ ವೋಲ್ಟೇಜ್, ಪ್ರವಾಹ ಮತ್ತು ತಾಪಮಾನ, 359ರಲ್ಲಿ ಎಚ್ಚರಿಕೆಗಳು, 35ಸಿಯಲ್ಲಿ ತುಂಬಲು ಮತ್ತು ಎಳೆಯಲು ಅನುಮತಿ, 35ಇಯಲ್ಲಿ ತಯಾರಕರ ಹೆಸರು ಬರುತ್ತವೆ. ಇನ್ವರ್ಟರ್ 305 ಎಂಬ ಸಂದೇಶದಿಂದ ತಾನಿದ್ದೇನೆ ಎಂದು ಉತ್ತರಿಸುತ್ತದೆ. ಹೊಸ ಬ್ಯಾಟರಿಯನ್ನು ಜೋಡಿಸಿದ ದಿನ 351ನ್ನು ಒಂದು ಪೂರ್ತಿ ಹಗಲು ದಾಖಲಿಸಿಕೊಂಡು ನೋಡಿ. ಮಧ್ಯಾಹ್ನ ತುಂಬುತ್ತ ಬಂದಾಗ ಎರಡನೆಯ ಸಂಖ್ಯೆ ಇಳಿದರೆ ನಿಮ್ಮ ಹಣಕ್ಕೆ ಬೆಲೆ ಬಂದಿದೆ.

ಇನ್ವರ್ಟರ್‌ನ ಸೆಟ್ಟಿಂಗ್ ವಿಷಯ ಚಿಕ್ಕದು. ತೈವಾನಿನ ವೋಲ್ಟ್ರಾನಿಕ್ ಕಂಪನಿಯ ಆಕ್ಸ್‌ಪರ್ಟ್ ಸಾಲಿನ ಯಂತ್ರಗಳು ಹತ್ತಾರು ಹೆಸರುಗಳಲ್ಲಿ ಮಾರಾಟವಾಗುತ್ತವೆ. ಅವುಗಳ ಸಂವಹನವಿರುವ ಮಾದರಿಗಳಲ್ಲಿ ಸೆಟ್ಟಿಂಗ್‌ಗಳ ಪಟ್ಟಿಯ 5ನೇ ಕ್ರಮಾಂಕಕ್ಕೆ (ಪ್ರೋಗ್ರಾಂ 05) ಹೋಗಿ ಬ್ಯಾಟರಿಯ ಬಗೆಯನ್ನು ಪಿವೈಎಲ್ ಎಂದು ಆರಿಸಬೇಕು. ಗ್ರೋವ್ಯಾಟ್‌ನ ಎಸ್‌ಪಿಎಫ್ ಸಾಲಿನಲ್ಲಿ ಅದೇ 5ರಲ್ಲಿ ಎಲ್‌ಐ ಎಂದು ಆರಿಸಿದ ಮೇಲೆ ಭಾಷೆಯ ಸಂಖ್ಯೆಯನ್ನು ಕೊಡಬೇಕು: ಎಲ್01ರಿಂದ ಎಲ್50ರವರೆಗೆ ಆರ್‌ಎಸ್485, ಎಲ್51ರಿಂದ ಮುಂದಕ್ಕೆ ಕ್ಯಾನ್. ತಂತಿಯನ್ನು ಕ್ಯಾನ್‌ಗೆ ಹಾಕಿ ಸಂಖ್ಯೆಯನ್ನು 485ರ ಸಾಲಿನಲ್ಲಿ ಬಿಟ್ಟು ಎರಡು ಗಂಟೆ ಒದ್ದಾಡಿದವರಲ್ಲಿ ನಾನೂ ಒಬ್ಬ.

ಅಗ್ಗದ ಬ್ಯಾಟರಿಗಳಿಗೇ ವಿಶಿಷ್ಟವಾದ ಒಂದು ಅಪಾಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇವುಗಳ ಬಿಎಂಎಸ್ ಸಾಮಾನ್ಯವಾಗಿ ಋಣ ತಂತಿಯನ್ನು ಕಡಿಯುತ್ತದೆ. ಸೆಲ್‌ಗಳ ಋಣಾಗ್ರ ಒಂದು ಕಡೆ, ಹೊರಗಿನ ಋಣ ಟರ್ಮಿನಲ್ ಇನ್ನೊಂದು ಕಡೆ, ನಡುವೆ ಮಾಸ್ಫೆಟ್‌ಗಳ ಬಾಗಿಲು. ಕಡಿಮೆ ಬೆಲೆಯ ಹಲಗೆಗಳಲ್ಲಿ ಸಂವಹನದ ಗ್ರೌಂಡ್ ಬಾಗಿಲಿನ ಒಳಗಿನ ಬದಿಗೆ, ಅಂದರೆ ಸೆಲ್‌ಗಳ ಋಣಾಗ್ರಕ್ಕೆ ನೇರವಾಗಿ ಸೇರಿರುತ್ತದೆ. ಇನ್ವರ್ಟರ್‌ನ ಗ್ರೌಂಡ್ ಹೊರಗಿನ ಬದಿಯಲ್ಲಿದೆ. ಬಾಗಿಲು ತೆರೆದಿರುವಷ್ಟು ಕಾಲ ಎರಡೂ ಒಂದೇ ಮಟ್ಟದಲ್ಲಿರುತ್ತವೆ, ಏನೂ ತೊಂದರೆ ಕಾಣುವುದಿಲ್ಲ. ಬಿಎಂಎಸ್ ಬಾಗಿಲು ಮುಚ್ಚಿದ ಕ್ಷಣ, ದಪ್ಪ ತಂತಿಯಲ್ಲಿ ನಿಂತುಹೋದ ಪ್ರವಾಹಕ್ಕೆ ನೀವೇ ಹಾಕಿಕೊಟ್ಟ ಕೂದಲೆಳೆಯಂಥ ಸಂವಹನದ ತಂತಿ ಹಿಂಬಾಗಿಲಾಗಿ ಒದಗುತ್ತದೆ. ಆ ತಂತಿ ಕರಗಬಹುದು, ಎರಡೂ ಕಡೆಯ ಚಿಪ್ಪುಗಳು ಸುಡಬಹುದು. ಆದ್ದರಿಂದ ಬ್ಯಾಟರಿಯ ಸಂವಹನ ವಿದ್ಯುತ್ ದೃಷ್ಟಿಯಿಂದ ಪ್ರತ್ಯೇಕಗೊಂಡಿದೆಯೇ ಎಂದು ಮಾರುವವರನ್ನು ಕೇಳಿ. ಅವರು ಉತ್ತರಿಸಲಾರದಿದ್ದರೆ ಇಲ್ಲ ಎಂದೇ ಭಾವಿಸಿ, ನಡುವೆ ಐಸೊಲೇಟರ್ ಇರುವ ಪುಟ್ಟ ಹಲಗೆಯೊಂದನ್ನು ಹಾಕಿ. ಇಡೀ ಕೆಲಸದಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

ಒಂದಕ್ಕಿಂತ ಹೆಚ್ಚು ಬ್ಯಾಟರಿಗಳಿದ್ದಾಗ ಎಲ್ಲವೂ ಒಟ್ಟಿಗೆ ಇನ್ವರ್ಟರ್‌ನ ಜೊತೆ ಮಾತನಾಡುವಂತಿಲ್ಲ. ಎಲ್ಲವೂ 351 ಎಂದೇ ಕೂಗಿದರೆ ಯಾರ ಮಾತು ಯಾರದೆಂದು ತಿಳಿಯದು. ಡಿಪ್ ಸ್ವಿಚ್ಚಿನಿಂದ ಒಂದನ್ನು ಯಜಮಾನನನ್ನಾಗಿ ಮಾಡಿ, ಉಳಿದವು ಅದಕ್ಕೆ ವರದಿ ಒಪ್ಪಿಸುವಂತೆ ಇನ್ನೊಂದು ತಂತಿಯಲ್ಲಿ ಪೋಣಿಸಬೇಕು. ಎರಡು ಬೇರೆ ಬೇರೆ ತಯಾರಕರ ಬ್ಯಾಟರಿಗಳಾದರೆ ಈ ಪೋಣಿಸುವಿಕೆ ಸಾಮಾನ್ಯವಾಗಿ ಆಗುವುದಿಲ್ಲ, ಅದಕ್ಕಾಗಿ ಹೆಣಗಬೇಡಿ.

ಕೆಲವು ಬಿಎಂಎಸ್‌ಗಳಿಗೆ ಕ್ಯಾನ್ ಇರುವುದೇ ಇಲ್ಲ, ಮೊಬೈಲಿನ ಬ್ಲೂಟೂತ್ ಮತ್ತು ಒಂದು ಸೀರಿಯಲ್ ಪೋರ್ಟು ಮಾತ್ರ ಇರುತ್ತವೆ. ಅಂಥಲ್ಲಿ ನಡುವೆ ದುಭಾಷಿಯನ್ನು ಕೂರಿಸುವ ಉಪಾಯವಿದೆ. ಇಎಸ್‌ಪಿ32 ಎಂಬ ಸಣ್ಣ ಹಲಗೆ, ಅದಕ್ಕೊಂದು ಕ್ಯಾನ್ ಟ್ರಾನ್ಸೀವರ್, ಮತ್ತು ಹವ್ಯಾಸಿಗಳು ಮುಕ್ತವಾಗಿ ಹಂಚಿರುವ ತಂತ್ರಾಂಶ ಸೇರಿದರೆ ಬಿಎಂಎಸ್‌ನ ಮಾತನ್ನು ಪೈಲಾನ್ ಭಾಷೆಗೆ ತರ್ಜುಮೆ ಮಾಡಬಹುದು. ವಿಕ್ಟ್ರಾನ್ ಬಳಸುವವರು ರಾಸ್ಪ್‌ಬೆರಿ ಪೈ ಮೇಲೆ ವೀನಸ್ ವ್ಯವಸ್ಥೆಯನ್ನು ನಡೆಸಿ ಇದನ್ನೇ ಸಾಧಿಸುತ್ತಾರೆ. ಇದರಲ್ಲಿ ಒಂದು ಲಾಭವೂ ಇದೆ: ಮಿತಿಗಳನ್ನು ನೀವೇ ಬರೆಯಬಹುದು, 58.4 ಎನ್ನುವ ಬಿಎಂಎಸ್‌ನ ಬಾಯಿಂದ 56 ಎಂದು ಹೇಳಿಸಬಹುದು, ಅತಿ ಎತ್ತರದ ಸೆಲ್ ನೋಡಿ ಪ್ರವಾಹವನ್ನು ಇಳಿಸಬಹುದು. ಆದರೆ ದುಭಾಷಿ ಮೂರ್ಛೆ ಹೋದಾಗ ಏನಾಗುತ್ತದೆ ಎಂಬುದನ್ನು ಮೊದಲು ಯೋಚಿಸಿ. ಬಿಎಂಎಸ್‌ನಿಂದ ಬರುವ ಮಾತು ನಿಂತರೂ ಹಳೆಯ ಸಂಖ್ಯೆಗಳನ್ನೇ ಇನ್ವರ್ಟರ್‌ಗೆ ಕಳಿಸುತ್ತಿರುವ ತಂತ್ರಾಂಶವನ್ನು ನಾನು ನೋಡಿದ್ದೇನೆ. ಬೆಳಿಗ್ಗೆ ಎಂಟು ಗಂಟೆಯ ಅನುಮತಿಯನ್ನು ಮಧ್ಯಾಹ್ನ ಒಂದಕ್ಕೂ ಓದುತ್ತಿದ್ದರೆ ಅದು ಸಂವಹನವಲ್ಲ. ಹತ್ತು ಸೆಕೆಂಡು ಹೊಸ ಮಾತು ಬರದಿದ್ದರೆ ದುಭಾಷಿ ಬಾಯಿ ಮುಚ್ಚಬೇಕು, ಆಗ ಇನ್ವರ್ಟರ್‌ಗೆ ಸಂಪರ್ಕ ತಪ್ಪಿದ್ದು ತಿಳಿಯುತ್ತದೆ.

ಇನ್ನು ತೀರ್ಥಹಳ್ಳಿಯ ಮನೆಗೆ ಹಿಂದಿರುಗೋಣ. ಅಲ್ಲಿ ನಾನು ತಂತಿ, ವೇಗ, ಭಾಷೆ ಎಲ್ಲವನ್ನೂ ಪರೀಕ್ಷಿಸಿದೆ, ಎಲ್ಲವೂ ಸರಿಯಾಗಿದ್ದವು. ಕೊನೆಗೆ ಬೇರೊಂದು ಕ್ಲ್ಯಾಂಪ್ ಮೀಟರ್ ಹಿಡಿದು ನೋಡಿದಾಗ ಹೊರಹೋಗುವಾಗ ಬಿಎಂಎಸ್ ತೋರಿಸುವ ಪ್ರವಾಹ ಯಾವಾಗಲೂ ನಿಜಕ್ಕಿಂತ 0.3 ಆಂಪಿಯರ್‌ನಷ್ಟು ಕಡಿಮೆ ಇರುವುದು ಕಂಡಿತು. ಬಿಎಂಎಸ್ ಶೇಕಡಾವಾರನ್ನು ಕಂಡುಕೊಳ್ಳುವುದು ಒಳಬಂದ ಮತ್ತು ಹೊರಹೋದ ಆಂಪಿಯರ್‌ಗಳನ್ನು ಕೂಡಿ ಕಳೆದು. ಲೆಕ್ಕದ ಪುಸ್ತಕ ಶುದ್ಧವಾಗುವುದು ಬ್ಯಾಟರಿ ಒಮ್ಮೆ ಪೂರ್ತಿ ತುಂಬಿದಾಗ ಮಾತ್ರ. ಬೇಸಿಗೆಯಲ್ಲಿ ಅದು ದಿನವೂ ತುಂಬುತ್ತಿತ್ತು, ತಪ್ಪು ಪ್ರತಿ ಸಂಜೆಯೂ ಅಳಿಸಿಹೋಗುತ್ತಿತ್ತು. ಜುಲೈನಲ್ಲಿ ಆರು ದಿನ ಸೂರ್ಯ ಕಾಣಲಿಲ್ಲ. ದಿನದ 24 ಗಂಟೆಯೂ 0.3 ಆಂಪಿಯರ್ ಲೆಕ್ಕ ತಪ್ಪಿದರೆ ಆರು ದಿನಕ್ಕೆ 43 ಆಂಪಿಯರ್-ಅವರ್. ಪರದೆಯಲ್ಲಿ 45 ಇತ್ತು, ಒಳಗೆ ಉಳಿದಿದ್ದು ಎರಡು. ಬ್ಯಾಟರಿ ತಪ್ಪು ತಿಳಿದಿತ್ತು, ಕೇಬಲ್ ಆ ತಪ್ಪನ್ನು ಅತ್ಯಂತ ನಿಷ್ಠೆಯಿಂದ ತಲುಪಿಸಿತ್ತು.

ಆ್ಯಪಿನಲ್ಲಿ ಪ್ರವಾಹದ ಶೂನ್ಯವನ್ನು ಮತ್ತೆ ಹೊಂದಿಸಿದೆವು. ಅದಕ್ಕಿಂತ ಮುಖ್ಯವಾಗಿ, ಹೊರೆ ನಿಲ್ಲಿಸುವ ನಿರ್ಧಾರವನ್ನು ಶೇಕಡಾವಾರಿನ ಮೇಲೆ ಬಿಡದೆ, 50 ವೋಲ್ಟಿನ ಕೆಳಗೆ ಇಳಿದರೆ ಏನೇ ಶೇಕಡಾವಾರು ಇದ್ದರೂ ಎಚ್ಚರಿಸುವ ಗಂಟೆಯನ್ನು ಹಾಕಿದೆವು. ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ, ಲೈನಿನಲ್ಲಿ ವಿದ್ಯುತ್ ಬಂದಾಗಲೋ ಜನರೇಟರ್ ಹಚ್ಚಿದಾಗಲೋ, ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಳ್ಳಿ ಎಂದು ಮನೆಯವರಿಗೆ ಹೇಳಿದೆ. ಮನೆಯಾಕೆ ಕ್ಯಾಲೆಂಡರಿನಲ್ಲಿ ಏಕಾದಶಿಗಳಿಗೆ ಗುರುತು ಹಾಕಿಕೊಂಡರು. ಹದಿನೈದು ದಿನಕ್ಕೊಮ್ಮೆಯಾದರೂ ಆಗುತ್ತದೆ, ನೆನಪಿರುತ್ತದೆ ಎಂದರು. ನಾನು ಒಪ್ಪಿಕೊಂಡೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ನಿಮ್ಮ ಬ್ಯಾಟರಿಯ ಮಾತು ದಿನವಿಡೀ ಬದಲಾಗದ ಪಲ್ಲವಿಯೇ ಆಗಿದ್ದರೆ, ಅಥವಾ ವಾರಕ್ಕೆರಡು ಸಲ ಸಂಪರ್ಕ ತಪ್ಪುತ್ತಿದ್ದರೆ, ಕೇಬಲ್ ತೆಗೆದುಬಿಡಿ. ಇನ್ವರ್ಟರ್‌ನಲ್ಲಿ ಬಳಕೆದಾರರ ಆಯ್ಕೆಯ ಬಗೆಯನ್ನು ಆರಿಸಿ, ಹದಿನಾರು ಸೆಲ್‌ಗಳ ಪೆಟ್ಟಿಗೆಗೆ 56.0 ವೋಲ್ಟ್ ಚಾರ್ಜ್, 54.0 ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್), ಕೆಳಗಿನ ಕಡಿತ 48, 100 ಆಂಪಿಯರ್-ಅವರ್‌ಗೆ 50 ಆಂಪಿಯರ್ ಮಿತಿ ಎಂದು ನೀವೇ ಬರೆದುಬಿಡಿ, ಸೀಸದ ಬ್ಯಾಟರಿಗೆಂದು ಇರುವ ಈಕ್ವಲೈಸೇಶನ್ ಅನ್ನು ಆಫ್ ಮಾಡಿ. ಸಾವಿರಾರು ಮನೆಗಳಲ್ಲಿ ಹೀಗೆಯೇ ನಡೆಯುತ್ತಿದೆ, ಚೆನ್ನಾಗಿಯೇ ನಡೆಯುತ್ತಿದೆ. ಸಂವಹನ ಇದ್ದಾಗಲೂ ಇನ್ವರ್ಟರ್ ಒಪ್ಪುವುದಾದರೆ ಈ ಸಂಖ್ಯೆಗಳನ್ನು ಹಿನ್ನೆಲೆಯಲ್ಲಿ ತುಂಬಿಟ್ಟಿರಿ.

ಕೆಲಸ ಮುಗಿಸಿ ಹೊರಡುವ ಮೊದಲು ಮಾಡಬೇಕಾದ ಪರೀಕ್ಷೆ ಒಂದಿದೆ. ಬಿಸಿಲಿರುವಾಗ, ಬ್ಯಾಟರಿ ಅರ್ಧ ತುಂಬಿ ಚಾರ್ಜ್ ಆಗುತ್ತಿರುವಾಗ, ಸಂವಹನದ ಕೇಬಲನ್ನು ಕಿತ್ತು ಕೈಗಡಿಯಾರ ನೋಡುತ್ತ ನಿಲ್ಲಿ. ಕೆಲವು ಯಂತ್ರಗಳು ತಕ್ಷಣ ನಿಲ್ಲುತ್ತವೆ, ಕೆಲವು ವೋಲ್ಟೇಜ್ ನೋಡಿಕೊಂಡು ಮುಂದುವರಿಯುತ್ತವೆ. ಆಕ್ಸ್‌ಪರ್ಟ್ ಬಗೆಯವು 61 ಎಂದು ತೋರಿಸಿ ಕೂಗಲಾರಂಭಿಸಿ, ಕೆಲ ಹೊತ್ತಿನ ಮೇಲೆ ತುಂಬುವುದನ್ನೂ ಎಳೆಯುವುದನ್ನೂ ನಿಲ್ಲಿಸುತ್ತವೆ. ನಿಮ್ಮದು ಏನು ಮಾಡಿತು ಎಂಬುದನ್ನು ಇನ್ವರ್ಟರ್‌ನ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ. ಅಟ್ಟದಲ್ಲಿ ಇಲಿ ಆ ತಂತಿಯನ್ನು ಕಡಿದ ರಾತ್ರಿ ನೀವು ಅಲ್ಲಿರುವುದಿಲ್ಲ, ಮನೆಯವರು ಟಾರ್ಚ್ ಹಿಡಿದು ಅದನ್ನೇ ಓದುತ್ತಾರೆ.